ಎರಡು ಠ, ಒಂದು ಬ ಮತ್ತು ನಿಂಬೆಹಣ್ಣು

ಪ್ರಾಯೋಗಿಕ ಚಲನಚಿತ್ರ ತೆಗೆಯುವುದು ಬಹಳ ಸುಲಭ ಎಂದು ನನಗೆ ಮಣಿಪಾಲದಲ್ಲಿ ಗೊತ್ತಾಯಿತು. ಕಥೆ ಬೇಡ, ನಟರು ಬೇಡ, ಹಾಡು ಬೇಡ, ಯಾರಿಗಾದರೂ ಅರ್ಥವಾಗಲೇಬೇಕೆಂಬ ಕಟ್ಟುಪಾಡೂ ಇಲ್ಲ. ಇಷ್ಟೊಂದು ಅನುಕೂಲವಿರುವ ಕಲೆಯನ್ನು ಇಷ್ಟು ವರ್ಷ ಮುಟ್ಟದೆ ಬಿಟ್ಟದ್ದು ಹೇಗೆ ಎಂದು ನನಗೇ ಆಶ್ಚರ್ಯವಾಯಿತು.

ಕಾರ್ಕಳ ಪೇಟೆಯಲ್ಲಿ ನಮ್ಮದೊಂದು ಆಮಂತ್ರಣ ಪತ್ರಿಕೆ ಮಾಡಿಕೊಡುವ ಅಂಗಡಿ ಇದೆ. ಗಿರಾಕಿಗಳೊಂದಿಗೆ ಮಾತಾಡುವುದು ನನ್ನ ಗಂಡನ ಕೆಲಸ, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದು ನನ್ನದು. 'ಶ್ರೀ'ಯನ್ನು ನವಿಲು ಮಾಡುವುದು, 'ಓಂ'ಕಾರದೊಳಗೆ ಗಣಪತಿಯನ್ನು ಕೂರಿಸುವುದು, ವಧೂವರರ ಹೆಸರಿಗೆ ಬಳ್ಳಿ ಸುತ್ತುವುದು, ಇದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಅಕ್ಷರಗಳನ್ನೇ ಚಿತ್ರವಾಗಿಸಿ ದೃಶ್ಯಕಾವ್ಯ ಮಾಡುವುದನ್ನು ಮಣಿಪಾಲದ ವಾರಾಂತ್ಯದ ಶಿಬಿರವೊಂದರಲ್ಲಿ ಕಲಿಸುತ್ತಾರೆಂದು ತಿಳಿದಾಗ, ಕಲಿಯುವುದಕ್ಕಿಂತ ಹೆಚ್ಚಾಗಿ ಅವರಿಗೆ ನಾಲ್ಕು ವಿಷಯ ತಿಳಿಸಿ ಬರೋಣ ಎಂದೇ ನಾನು ಹೋದದ್ದು.

ಶಿಬಿರದ ಮೇಷ್ಟ್ರು ಜುಟ್ಟು ಕಟ್ಟಿದ ಯುವಕ. "ಅಕ್ಷರವನ್ನು ಓದಬೇಡಿ, ನೋಡಿ. ಓದಿದ ಕೂಡಲೇ ಅದು ಸಾಯುತ್ತದೆ" ಎಂದು ಶುರುಮಾಡಿದರು. ಬೋರ್ಡಿನ ಮೇಲೆ ದೊಡ್ಡದೊಂದು 'ಠ' ಬರೆದು, "ಇದು ಏನು?" ಎಂದು ಕೇಳಿದರು. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಅಧ್ಯಾಪಕರೊಬ್ಬರು "ಮಹಾಪ್ರಾಣ" ಎಂದರು. ಮೇಷ್ಟ್ರು ನೋವಿನಿಂದ ಕಣ್ಣು ಮುಚ್ಚಿಕೊಂಡರು. ನನಗೆ ಫಕ್ಕನೆ ಹೊಳೆಯಿತು. ದುಂಡಗಿನ ಕಣ್ಣು, ನಡುವೆ ಪಾಪೆ, ಮೇಲೆ ತಲೆಕಟ್ಟಿನ ಹುಬ್ಬು!

"ಕಣ್ಣು" ಎಂದೆ.

"ಇವರೊಬ್ಬರು ನೋಡಿದರು" ಎಂದು ಮೇಷ್ಟ್ರು ನನ್ನನ್ನು ಎಲ್ಲರಿಗೂ ತೋರಿಸಿದರು. ನಾನು ಹಾಳಾಗುವುದಕ್ಕೆ ಅಷ್ಟು ಸಾಕಾಯಿತು.

ಪ್ರತಿಯೊಬ್ಬರೂ ಅಕ್ಷರಗಳದೇ ಪುಟ್ಟದೊಂದು ಚಲನಚಿತ್ರ ಮಾಡಿ ಕಳಿಸಬೇಕು, ಒಳ್ಳೆಯದನ್ನು ಆರಿಸಿ ಮಣಿಪಾಲದಲ್ಲೇ ತೆರೆಯ ಮೇಲೆ ತೋರಿಸುತ್ತೇವೆ ಎಂದರು. ನನ್ನ ಚಿತ್ರ ಅಲ್ಲೇ ಸಿದ್ಧವಾಗಿತ್ತು. ಕೆಂಪು ನೆಲದ ಮೇಲೆ ಕಣ್ಣಿಗೆ ಎರಡು ಠ, ಬಾಯಿಗೆ ಒಂದು ಬ. ಮೇಲಿನಿಂದ ಕ್ಯಾಮರಾ. ಬಿಸಿಲು ಏರಿದಂತೆ ನೆರಳು ಸರಿಯುತ್ತದೆ, ನೆಲದ ಮುಖಭಾವ ಬದಲಾಗುತ್ತದೆ. ಹೆಸರು 'ನೆಲ ನೋಡುತ್ತಿದೆ'. ಮನೆಗೆ ಬಂದು ಗಂಡನಿಗೆ ವಿವರಿಸಿದೆ.

"ಕಥೆ ಎಂತ?" ಎಂದು ಕೇಳಿದರು.

"ಕಥೆ ಇಲ್ಲ."

"ಕಡೆಗೆ ಎಂತ ಆಗ್ತದೆ?"

"ಎಂತ ಆಗುವುದಿಲ್ಲ. ನೆಲ ನೋಡ್ತದೆ."

"ಹಾಗಾದರೆ ನಾನು ಅಂಗಡಿಗೆ ಹೋಗ್ತೇನೆ" ಎಂದು ಎದ್ದರು. ಕಲಾವಿದರಿಗೆ ಮೊದಲ ವಿರೋಧ ಮನೆಯಿಂದಲೇ ಬರುತ್ತದೆಂದು ಮೇಷ್ಟ್ರು ಮೊದಲೇ ಎಚ್ಚರಿಸಿದ್ದರಿಂದ ನಾನು ಬೇಸರ ಮಾಡಿಕೊಳ್ಳಲಿಲ್ಲ.

ಕುಕ್ಕುಂದೂರಿನ ನಮ್ಮ ಮನೆಯಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಿ ಕೆಡಿಸಿಯಾಗಿತ್ತು. ಕೆಂಪು ಮಣ್ಣು ಬೇಕಾದರೆ ಪಕ್ಕದ ಜಾಗ. ಅದು ಲೀಲಕ್ಕನದು. ಲೀಲಕ್ಕ ಮೂಲತಃ ಮಲ್ಪೆಯವರು, ಕಾರ್ಕಳದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾರೆ. ಗಂಡ ತೀರಿಕೊಂಡ ಮೇಲೆ ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಪಾತ್ರೆ ಹೊತ್ತು ತಿರುಗಿ, ಈಗ ಮೊದಲ ಸಲ ಸ್ವಂತ ಮನೆ ಕಟ್ಟಿಸುತ್ತಿದ್ದರು. ಮಳೆ ಹಿಡಿಯುವ ಮೊದಲು ಪಾಯ ತುಂಬಿ, ಗೋಡೆ ಹೊರುವ ಕಲ್ಲಿನ ಕಟ್ಟೆ, ಇಲ್ಲಿನವರು ಹೇಳುವ ಪಂಚಾಂಗ, ನೆಲದಿಂದ ಮೇಲೇಳಬೇಕು. ಇಲ್ಲವಾದರೆ ತೋಡಿದ ಪಾಯದಲ್ಲಿ ನೀರು ನಿಂತು ಒಂದು ಮಳೆಗಾಲ ಪೂರ್ತಿ ಹಾಳು. ಅಷ್ಟರಲ್ಲಿ ಈಗಿನ ಕೋಣೆಯ ಯಜಮಾನರು ಖಾಲಿ ಮಾಡಿ ಎಂದು ಬೇರೆ ಹೇಳಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಜಾಗವನ್ನು ನೋಡಿದಾಗ ನನಗೆ ಕಂಡದ್ದು ಲೀಲಕ್ಕನ ಮನೆಯಲ್ಲ, ನನ್ನ ಕ್ಯಾನ್ವಾಸು.

ಭಾನುವಾರ ಕೆಲಸದವರು ಬರುವುದಿಲ್ಲ. ಬೆಳಕು ಹರಿಯುತ್ತಿದ್ದಂತೆ ನಮ್ಮ ತಾರಸಿಯ ಬಟ್ಟೆ ಒಣಗಿಸುವ ಕಂಬಿಗೆ ಫೋನನ್ನು ಕೆಳಮುಖವಾಗಿ ಕಟ್ಟಿ, ರೆಕಾರ್ಡಿಂಗ್ ಒತ್ತಿ, ಕೆಳಗಿಳಿದೆ. ಈಗ ಸಾಮಗ್ರಿಗಳ ವಿಷಯ. ರೇಖೆ ಕಪ್ಪಗೆ ಕಾಣಬೇಕಲ್ಲ, ಅದಕ್ಕೆ ಇದ್ದಿಲಿನ ಪುಡಿ ಹಾಕಿದೆ. ಕಣ್ಣಿನ ಒಳಗೆ ತುಂಬಲು ಅರಿಶಿನ. ಬಾಯಿ ಕೆಂಪಾಗಿರಬೇಕೆಂದು ಕುಂಕುಮ. ಪಾಪೆಯ ಜಾಗಕ್ಕೆ, ಅಂದರೆ ಠದ ಬೊಟ್ಟಿಗೆ, ದುಂಡಗಿನ ಏನಾದರೂ ಬೇಕಿತ್ತು, ನಿಂಬೆಹಣ್ಣು ಇಟ್ಟೆ. ಹುಬ್ಬಿಗೆ ಸ್ವಲ್ಪ ತೆಂಗಿನ ನಾರು. ಹುಟ್ಟಿದಾಗಿನಿಂದ ಕನ್ನಡ ನಾಡಿನಲ್ಲೇ ಅನ್ನ ತಿಂದ ಹೆಂಗಸು ನಾನು. ಇಷ್ಟೂ ವಸ್ತುಗಳನ್ನು ಕಂಡವರ ಜಾಗದಲ್ಲಿ, ನಸುಕಿನಲ್ಲಿ, ಒಟ್ಟಿಗೆ ಇಟ್ಟರೆ ಅದು ಎಂತ ಕಾಣುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಕಲೆ ಎಂದರೆ ಅಂಥ ತನ್ಮಯತೆ.

ಎಲ್ಲ ಮುಗಿದು ಎದ್ದು ನೋಡುತ್ತೇನೆ, ಎಡಗಣ್ಣಿನ ನಿಂಬೆಹಣ್ಣು ಬಲಗಣ್ಣಿನದಕ್ಕಿಂತ ಸಣ್ಣದು. ಬೇರೆ ಯಾರಾದರೂ ಆಗಿದ್ದರೆ ಹಾಗೇ ಬಿಡುತ್ತಿದ್ದರು. ನಾನು ಕಲಾವಿದೆ, ಬಿಡಲಾಗಲಿಲ್ಲ. ಹಿತ್ತಲಿನ ಗಿಡದಿಂದ ದೊಡ್ಡದೊಂದನ್ನು ಆರಿಸಿ ಕಿತ್ತು, ಕೈಯಲ್ಲಿ ಹಿಡಿದುಕೊಂಡು ಮರಳಿ ಬಂದೆ.

ಬಂದು ನೋಡಿದರೆ ನನ್ನ ಚಿತ್ರಕ್ಕೆ ಆಗಲೇ ಪ್ರೇಕ್ಷಕರು ಸೇರಿದ್ದರು.

ಮಳೆಯ ಅವಸರಕ್ಕೆ ಲೀಲಕ್ಕ ಭಾನುವಾರವೂ ಕೆಲಸ ಮಾಡಿಸಲು ಹೊರಟು ಕೆಲಸದವರನ್ನು ತಾವೇ ಕರೆದುಕೊಂಡು ಬಂದಿದ್ದರು. ಕೆಲಸದವರ ಮುಖಂಡ ಯಮನಪ್ಪ, ಬಾಗಲಕೋಟೆ ಕಡೆಯವನು, ಗುದ್ದಲಿಯನ್ನು ಎದೆಗೆ ಒತ್ತಿ ಹಿಡಿದು ದೂರ ನಿಂತಿದ್ದ. ಆಚೀಚೆ ಮನೆಯವರೂ ಬಂದಿದ್ದರು. ಅವರ ನಡುವೆ ನನ್ನ ಗಂಡ, ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡು, ನೆಲದ ಮೇಲಿನ ಮುಖವನ್ನೊಮ್ಮೆ, ಬರುತ್ತಿದ್ದ ನನ್ನನ್ನೊಮ್ಮೆ ನೋಡುತ್ತಿದ್ದರು. ನಾನು ನಿಂಬೆಹಣ್ಣನ್ನು ನೈಟಿಯ ಕಿಸೆಗೆ ಹಾಕಿದೆ.

"ಇದರಾಗ ಕಾಲ ಇಡಂಗಿಲ್ರಿ ಅಕ್ಕಾರ" ಎಂದ ಯಮನಪ್ಪ. "ನಮ್ಮ ಹುಡುಗ್ರು ಗುದ್ದಲಿ ಮುಟ್ಟೂದಿಲ್ಲ ಅಂತಾರ. ಯಾರೋ ಮಾಟ ಮಾಡ್ಯಾರ್ರಿ."

ಲೀಲಕ್ಕ ತುಳುವಿನಲ್ಲಿ ಶಾಪ ಹಾಕತೊಡಗಿದರು. ನಾನು ಘಟ್ಟದ ಮೇಲಿನವಳು. ನಾನು ತುಳು ಮಾತಾಡಿದರೆ ನಗು ತಡೆಯಲಾಗದೆ ಊರಿನವರೆಲ್ಲ ನನ್ನೊಡನೆ ಕನ್ನಡವನ್ನೇ ಮಾತಾಡುತ್ತಾರೆ. ಆದರೆ ಕೇಳಿದರೆ ನನಗೆ ಪೂರ್ತಿ ಅರ್ಥವಾಗುತ್ತದೆ. ಇದನ್ನು ಮಾಡಿದವರ ಕೈಗೆ ಏನು ಬೀಳಬೇಕು, ಬಾಯಿಗೆ ಏನು ಬೀಳಬೇಕು, ಅವರ ಮನೆಯ ಅನ್ನದ ಪಾತ್ರೆಗೆ ಏನು ಬೀಳಬೇಕು ಎಂದು ಲೀಲಕ್ಕ ವಿವರವಾಗಿ ಹೇಳಿದರು. ಮೂವತ್ತು ವರ್ಷ ಮಾರ್ಕೆಟ್ಟಿನಲ್ಲಿ ಪಳಗಿದ ಗಂಟಲು. ನನ್ನ ಗಂಡ ಬಾಯಿಂದ ಬ್ರಷ್ಷು ತೆಗೆದು, ಅನ್ನದ ಪಾತ್ರೆಯ ವಿಷಯ ಬಂದಾಗ ಮಾತ್ರ ಸ್ವಲ್ಪ ಕಳವಳಗೊಂಡರು.

ಹೇಳಿಬಿಡೋಣ ಎಂದು ನಾನು ನಿಜವಾಗಿಯೂ ಬಾಯಿ ತೆರೆದೆ. ಅಷ್ಟರಲ್ಲಿ ಲೀಲಕ್ಕ ಶಾಪ ನಿಲ್ಲಿಸಿ ನನ್ನ ಎರಡೂ ಕೈ ಹಿಡಿದುಕೊಂಡರು. ದನಿ ಸಣ್ಣದಾಗಿತ್ತು.

"ನಾನು ಯಾರಿಗೆ ಎಂತ ಮಾಡಿದ್ದೇನೆ ಸುಮಾ? ಒಂದು ಸಣ್ಣ ಮನೆ ಅಲ್ವಾ? ನೋಡು, ಹೇಗೆ ನನ್ನನ್ನೇ ನೋಡ್ತಾ ಉಂಟು ಅದು. ನನಗೆ ಇಲ್ಲಿ ಇರುವುದು ನೀನೊಬ್ಬಳೇ."

ತೆರೆದ ಬಾಯಿಯನ್ನು ಮುಚ್ಚಿದೆ. ನನಗೆ ಬಹಳ ನಾಚಿಕೆಯಾಯಿತು. ಅದರ ನಡುವೆಯೂ, ಅವರು 'ಓದದೆ' ನೋಡಿದರಲ್ಲ ಎಂದು ಒಂದು ಮೂಲೆಯಲ್ಲಿ ಖುಷಿಯೂ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಲೀಲಕ್ಕನಿಗೆ ತಲೆ ಸುತ್ತಿ ಬಂತು. ಯಾರೋ ತಂಪಿಗೆ ಏನಾದರೂ ಕೊಡಿ ಎಂದರು.

"ಸುಮಾ, ಶರಬತ್ತು ಮಾಡು" ಎಂದರು ನನ್ನ ಗಂಡ ಗಂಭೀರವಾಗಿ. "ನಿಂಬೆಹಣ್ಣು ಹುಡುಕಬೇಡ. ನಿನ್ನ ಕಿಸೆಯಲ್ಲೇ ಇರಬೇಕು."

ಹೀಗೆ ನನ್ನ ಚಿತ್ರದ ಎಡಗಣ್ಣನ್ನು ಹಿಂಡಿ, ಸಕ್ಕರೆ ಹಾಕಿ, ಲೀಲಕ್ಕನಿಗೆ ಕುಡಿಸಿದೆ. ಯಾರೂ ಮುಟ್ಟಬಾರದೆಂದು ಯಮನಪ್ಪ ಮುಖದ ಸುತ್ತ ಹಗ್ಗ ಕಟ್ಟಿದ. ದೊಡ್ಡ ಊರುಗಳ ಗ್ಯಾಲರಿಗಳಲ್ಲಿ ಬೆಲೆಬಾಳುವ ಚಿತ್ರಗಳಿಗೆ ಹಾಗೆ ಕಟ್ಟುತ್ತಾರೆ. ಮಧ್ಯಾಹ್ನದವರೆಗೆ ಜನ ಬರುತ್ತಲೇ ಇದ್ದರು. ಹಗ್ಗದಾಚೆ ನಿಂತು, ಚಪ್ಪಲಿ ಕಳಚಿ, ಮೌನವಾಗಿ ನೋಡಿ ಹೋಗುತ್ತಿದ್ದರು. ಕಾರ್ಕಳ ತಾಲೂಕಿನಲ್ಲಿ ಯಾವ ಆಧುನಿಕ ಕಲಾಕೃತಿಗೂ ಅಂಥ ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.

"ಕಥೆ ಇಲ್ಲ ಅಂದಿದ್ದೆಯಲ್ಲ" ಎಂದರು ನನ್ನ ಗಂಡ, ಊಟಕ್ಕೆ ಕೂತಾಗ. "ಈಗ ಕಡೆಗೆ ಎಂತ ಆಗ್ತದೆ?"

ಕಡೆಗೆ ಆದದ್ದು, ಪ್ರಶ್ನೆ ಇಡಿಸುವುದೆಂಬ ತೀರ್ಮಾನ. ಈ ಸೀಮೆಯಲ್ಲಿ ಇಂಥದ್ದಕ್ಕೆಲ್ಲ ಜೋಯಿಸರ ಬಳಿ ಹೋಗಿ ಕವಡೆ ಹಾಕಿಸಿ ಕೇಳುತ್ತಾರೆ. ಮರುದಿನ ಲೀಲಕ್ಕನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವ ಜವಾಬ್ದಾರಿ, ಅವರಿಗೆ ಇರುವ ಒಬ್ಬಳೇ ಆದ ನನ್ನ ಮೇಲೆ ಬಿತ್ತು. ಅಪರಾಧಿಯೇ ಫಿರ್ಯಾದಿಯನ್ನು ಹಿಂದೆ ಕೂರಿಸಿಕೊಂಡು ನ್ಯಾಯಾಲಯಕ್ಕೆ ಹೋದದ್ದು ಅದೇ ಮೊದಲಿರಬೇಕು.

ಜೋಯಿಸರು ವಯಸ್ಸಾದವರು, ಮೆಲುಮಾತಿನವರು. ಕವಡೆ ಹಾಕುವ ಮೊದಲು ಲೀಲಕ್ಕನ ಫೋನಿನಲ್ಲಿದ್ದ ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

"ಠ, ಬ, ಠ" ಎಂದರು. "ಇಂಥ ಮಂತ್ರ ನಾನು ಕೇಳಿದ್ದೇ ಇಲ್ಲ. ಆದರೆ ಅಕ್ಷರ ಭಾರೀ ಚಂದ ಉಂಟು."

"ಥ್ಯಾಂಕ್ಸ್" ಎಂಬ ಮಾತು ನನ್ನ ತುದಿನಾಲಿಗೆಯವರೆಗೆ ಬಂದುಬಿಟ್ಟಿತ್ತು. ಕಷ್ಟಪಟ್ಟು ನುಂಗಿದೆ. ಜೋಯಿಸರು ತಲೆಯೆತ್ತಿ ನನ್ನ ಮುಖ ನೋಡಿದರು. ಆಮೇಲೆ ಮಡಿಲಲ್ಲಿದ್ದ ನನ್ನ ಕೈ ನೋಡಿದರು. ಸೋಪು, ಕಡಲೆಹಿಟ್ಟು, ಸೀಮೆಎಣ್ಣೆ ಎಲ್ಲ ಹಾಕಿ ಉಜ್ಜಿದ್ದರೂ ಉಗುರಿನ ಸಂದಿಯ ಅರಿಶಿನ ಹೋಗಿರಲಿಲ್ಲ. ಅವರು ಕವಡೆ ಹಾಕಿದರು.

"ಹೆದರಬೇಡಿ. ಮಾಡಿದವರು ಶತ್ರು ಅಲ್ಲ. ಹತ್ತಿರದವರೇ, ಹೆಂಗಸು. ಕೆಟ್ಟ ಬುದ್ಧಿ ಇಲ್ಲ. ಬುದ್ಧಿಯೇ ಸ್ವಲ್ಪ ಕಡಿಮೆ ಅಂತ ಕಾಣ್ತದೆ."

"ಪರಿಹಾರ?" ಎಂದರು ಲೀಲಕ್ಕ.

"ಪಂಚಾಂಗ ಮುಗಿಯುವವರೆಗೆ ಪ್ರತಿದಿನ ಬೆಳಿಗ್ಗೆ, ಕೆಲಸದವರು ಬರುವ ಮೊದಲು, ಕೈಬರಹ ಚಂದ ಇರುವ ಒಬ್ಬ ಹೆಂಗಸು ಆ ಜಾಗದಲ್ಲಿ ರಂಗೋಲಿ ಹಾಕಬೇಕು. ಕೆಲಸದವರಿಗೆ ಚಹಾ, ಅವಲಕ್ಕಿ ಕೂಡ ಅವಳೇ ಕೊಡಬೇಕು. ಅಂಥವರು ನಿಮಗೆ ಯಾರಾದರೂ ಸಿಗ್ತಾರಾ?" ಎಂದು ಕೇಳಿದ ಜೋಯಿಸರು ಕಿಟಕಿಯ ಹೊರಗೆ ನೋಡಿದರು.

"ಸಿಗುವುದೆಂತ, ಇವಳೇ ಇದ್ದಾಳಲ್ಲ" ಎಂದರು ಲೀಲಕ್ಕ. "ಮದುವೆ ಕಾಗದ ಬರೆಯುವ ಕೈ."

ಅಂದಿನಿಂದ ನನ್ನ ಸಶ್ರಮ ಶಿಕ್ಷೆ ಆರಂಭವಾಯಿತು. ಯಮನಪ್ಪನ ಹೆದರಿಕೆ ಹೋದದ್ದೇ ತಡ, ಅವನಲ್ಲಿ ರಸಿಕತೆ ಹುಟ್ಟಿಕೊಂಡಿತು. "ಅಕ್ಕಾರ, ನಿನ್ನೆ ಕಮಲ ಹಾಕೀರಿ, ಇವತ್ತ ಒಂದ ನವಿಲ ಬಿಡ್ರಲ್ಲ" ಎನ್ನುತ್ತಿದ್ದ. ಅವಲಕ್ಕಿಗೆ ಖಾರ ಸಾಲದು ಎಂದೂ ಹೇಳಿಕಳಿಸುತ್ತಿದ್ದ. ನನ್ನ ಸೊಂಟ ಹಿಡಿದುಕೊಂಡಿತು, ಆದರೆ ಲೀಲಕ್ಕನ ಪಂಚಾಂಗ ದಿನದಿಂದ ದಿನಕ್ಕೆ ಮೇಲೆದ್ದಿತು. ಕೊನೆಯ ಕಲ್ಲು ಕೂತ ಮರುದಿನವೇ ಮಳೆ ಸುರಿಯಿತು. ಲೀಲಕ್ಕ ಕೊಡೆ ಹಿಡಿದು ಆ ಪಂಚಾಂಗದ ಮೇಲೆ ಹತ್ತಿ ನಿಂತು, "ಇದು ಅಡುಗೆಕೋಣೆ, ಇದು ಮಲಗುವುದು" ಎಂದು ನನಗೆ ತೋರಿಸಿದರು. ಇಲ್ಲಿಗೆ ಎಲ್ಲ ಮುಗಿಯಿತು, ಗುಟ್ಟು ನನ್ನೊಡನೆ ಮಣ್ಣಾಗುತ್ತದೆ ಎಂದು ನಾನು ನೆಮ್ಮದಿಯ ಉಸಿರು ಬಿಟ್ಟೆ.

ತಾರಸಿಯ ಫೋನಿನ ವಿಷಯ ನಾನು ನಿಮಗೆ ಹೇಳಿದ್ದೇನಷ್ಟೆ. ಆ ಭಾನುವಾರ ಅದನ್ನು ನಿಲ್ಲಿಸುವವರು ಯಾರೂ ಇರಲಿಲ್ಲ. ಬ್ಯಾಟರಿ ಸಾಯುವವರೆಗೆ ಅದು ತನ್ನ ಕರ್ತವ್ಯವನ್ನು ನಿಷ್ಠೆಯಿಂದ ಮಾಡಿತ್ತು. ಕತ್ತರಿಸಲು ಬಾರದ ನಾನು ಇಡೀ ವಿಡಿಯೋವನ್ನು ಮೇಷ್ಟ್ರಿಗೆ ಕಳಿಸಿ, 'ಮುಖ ಬರೆದು ಮುಗಿದ ಮೇಲಿನ ಸ್ವಲ್ಪ ಭಾಗ ಮಾತ್ರ ಇಟ್ಟುಕೊಳ್ಳಿ, ಜನ ಬಂದದ್ದು ಬೇಡ' ಎಂದು ಬರೆದಿದ್ದೆ. ಅವರು 'ಅದ್ಭುತ' ಎಂದು ಉತ್ತರಿಸಿದ್ದರು. ಯಾವುದು ಅದ್ಭುತ ಎಂದು ನಾನು ಕೇಳಬೇಕಿತ್ತು.

ಚಿತ್ರ ಆಯ್ಕೆಯಾಯಿತು. ಮಣಿಪಾಲದಲ್ಲಿ ಪ್ರದರ್ಶನ. ನನ್ನ ಗಂಡ ಇದನ್ನು ಲೀಲಕ್ಕನಿಗೆ ಹೇಳಿದರು, ಲೀಲಕ್ಕ ಹೊರಟೇಬಿಟ್ಟರು.

"ನನ್ನ ಮನೆಗಾಗಿ ಇಷ್ಟು ದಿನ ಸೊಂಟ ಬಗ್ಗಿಸಿದ್ದಿ, ನಿನ್ನ ಸಿನಿಮಾಕ್ಕೆ ನಾನು ಬಾರದೆ ಇರ್ಲಿಕ್ಕೆ ಆಗ್ತದಾ?" ಎಂದು ಶಂಕರಪುರ ಮಲ್ಲಿಗೆಯ ಚೆಂಡೊಂದನ್ನು ತಂದು ತಾವೇ ನನ್ನ ಜಡೆಗೆ ಮುಡಿಸಿದರು. ಕಾರಿನ ತುಂಬ ಮಲ್ಲಿಗೆಯ ಪರಿಮಳ. ಬರುವುದು ಮುಖ ಮಾತ್ರ, ಫೋಟೋದಲ್ಲಿ ಕಂಡದ್ದೇ ಮುಖ, ಅದನ್ನು ಹೇಗೆ ವಿವರಿಸುವುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮಲ್ಲಿಗೆ ಮುಡಿಸಿದವರ ಹತ್ತಿರ ಹೇಳಲು ಒಂದು ಸುಳ್ಳೂ ಹೊಳೆಯಲಿಲ್ಲ.

ಮೊದಲ ಚಿತ್ರದಲ್ಲಿ ಬಿಳಿ ತೆರೆಯ ಮೇಲೆ 'ಅ' ಎಂಬ ಒಂದೇ ಅಕ್ಷರ ಬಹಳ ಹೊತ್ತು ಕರಗಿತು. "ಮಿಷನ್ ಹಾಳಾಯ್ತಾ ಎಂತ?" ಎಂದು ಲೀಲಕ್ಕ ಕೇಳಿದರು. ಎರಡನೆಯದು ನನ್ನದು.

ತೆರೆಯ ತುಂಬ ಮೊದಲು ಕಂಡದ್ದು ಬಗ್ಗಿ ನಿಂತ ಹೆಂಗಸೊಬ್ಬಳ ನೈಟಿಯ ಹಿಂಭಾಗ. ಕೆಂಪು ಮಣ್ಣು, ಅರಿಶಿನ, ಕುಂಕುಮ, ನಿಂಬೆಹಣ್ಣು. ಪಕ್ಕದಲ್ಲಿ ಕೂತಿದ್ದ ಲೀಲಕ್ಕ ನಿಧಾನವಾಗಿ ಮುಂದಕ್ಕೆ ಬಾಗಿದರು.

"ಈ ನೈಟಿ ನನಗೆ ಗೊತ್ತುಂಟು" ಎಂದರು.

ಆಮೇಲೆ ಮೇಷ್ಟ್ರು ತೋರಿಸಿದ್ದು ನಾನು ಬೇಡವೆಂದಿದ್ದ ಭಾಗವನ್ನೇ. ನೆಲದ ಮುಖದ ಸುತ್ತ ಒಬ್ಬೊಬ್ಬರಾಗಿ ಜನ ಸೇರಿದರು. ಗುದ್ದಲಿ ಅಪ್ಪಿಕೊಂಡ ಯಮನಪ್ಪ, ಬ್ರಷ್ಷು ಕಚ್ಚಿದ ನನ್ನ ಗಂಡ. ಲೀಲಕ್ಕನ ಶಾಪಗಳು ದೊಡ್ಡ ಸ್ಪೀಕರಿನಲ್ಲಿ ಮೊಳಗಿದವು, ತುಳು ಬಲ್ಲವರು ಹೊಟ್ಟೆ ಹಿಡಿದು ನಕ್ಕರು. ನಾನು ನಿಂಬೆಹಣ್ಣನ್ನು ಕಿಸೆಗೆ ಇಳಿಸಿದ್ದು ಮೇಲಿನಿಂದ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದರೆ, ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಆ ಸಣ್ಣ ದನಿ ಬಂತು. "ನಾನು ಯಾರಿಗೆ ಎಂತ ಮಾಡಿದ್ದೇನೆ ಸುಮಾ?" ಇಡೀ ಸಭಾಂಗಣ ಸುಮ್ಮನಾಯಿತು. ನನಗೆ ಕುರ್ಚಿಯ ಕೆಳಗೆ ಹೋಗಿಬಿಡೋಣ ಎನ್ನಿಸಿತು. ಕತ್ತಲಲ್ಲಿ ಲೀಲಕ್ಕ ನನ್ನ ಕಡೆ ತಿರುಗಿದರು.

"ಆ ಕಣ್ಣನ್ನೇ ಹಿಂಡಿ ನನಗೆ ಕುಡಿಸಿದ್ದಾ?"

"ಸಕ್ಕರೆ ಹಾಕಿದ್ದೆ ಲೀಲಕ್ಕ" ಎಂದೆ. 

ದೀಪ ಹತ್ತಿತು. ಪ್ರೇಕ್ಷಕರೇ ಅಕ್ಷರದ ಭಾಗವಾಗಿಬಿಟ್ಟ ಅಪೂರ್ವ ದೃಶ್ಯಕಾವ್ಯವಿದು ಎಂದು ಮೇಷ್ಟ್ರು ಮೈಕಿನಲ್ಲಿ ಹೊಗಳುತ್ತಿದ್ದರು. ನಾವು ಮೂವರೂ ಎದ್ದು ಹೊರಗೆ ಬಂದಿದ್ದೆವು. ಕಾರಿನಲ್ಲಿ ಲೀಲಕ್ಕ ಹಿಂದಿನ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು.  ನಾನು ತಪ್ಪಾಯಿತು ಎಂದೆ. ಬೈದುಬಿಡಿ ಎಂದೆ. ತುಳುವಿನಲ್ಲೂ ಹೇಳಿದೆ, ಆದರೂ ಅವರು ನಗಲಿಲ್ಲ.

"ಜೋಯಿಸರು ಹತ್ತಿರದವರು, ಹೆಂಗಸು ಅಂದಿದ್ದರು" ಎಂದರು, ಹಿರಿಯಡ್ಕ ದಾಟಿದ ಮೇಲೆ. "ನಾನು ಕಾಪುವಿನ ನನ್ನ ನಾದಿನಿ ಅಂತ ಗ್ರಹಿಸಿದೆ. ಪಾಪ, ಅವಳು ಎಷ್ಟು ಸಲ ಫೋನ್ ಮಾಡಿದಳು. ನಾನು ಎತ್ತಲೇ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಾಳೆ ನನ್ನ ಜೊತೆ ಕಾಪುವಿಗೆ ಬಾ. ಆ ಸಿನಿಮಾ ಹಿಡಿದುಕೊಂಡು ಬಾ. ನೀನೇ ಅವಳಿಗೆ ಹೇಳು" ಎಂದರು.

ಹೋದೆ. ನಾದಿನಿ ಪುಷ್ಪಕ್ಕ ಮೊದಲು ಬಾಗಿಲಲ್ಲಿ ಮುಖ ದಪ್ಪ ಮಾಡಿಕೊಂಡು ನಿಂತರು. ನಾನು ಆದಿಯಿಂದ ಅಂತ್ಯದವರೆಗೆ ಹೇಳಿ, ಫೋನನ್ನು ಅವರ ಕೈಗೆ ಕೊಟ್ಟೆ. ನೋಡುತ್ತಾ ನೋಡುತ್ತಾ ಅವರು ಚಾವಡಿಯಲ್ಲಿ ಕೂತರು, ಗೋಡೆಗೆ ಒರಗಿದರು, ಕಣ್ಣೊರೆಸಿಕೊಂಡು ನಕ್ಕರು. ಅವರನ್ನು ನೋಡಿ ಲೀಲಕ್ಕನಿಗೂ ನಗು ಬಂತು. ಅತ್ತಿಗೆ ನಾದಿನಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕದ್ದನ್ನು ಕಂಡು ನನ್ನ ಎದೆಯ ಭಾರ ಇಳಿಯಿತು. ಆಮೇಲೆ ಪುಷ್ಪಕ್ಕ ಫೋನನ್ನು ಇನ್ನೊಮ್ಮೆ ಕಣ್ಣಿನ ಹತ್ತಿರ ಹಿಡಿದರು.

"ಎಲ್ಲ ಸರಿ, ಆದರೆ ಒಂದು ಕಣ್ಣಿನ ನಿಂಬೆ ಸಣ್ಣದಾಯ್ತಲ್ಲ" ಎಂದರು.

ಇಡೀ ಜಗತ್ತಿನಲ್ಲಿ ನನ್ನ ಚಿತ್ರವನ್ನು ಸರಿಯಾಗಿ ನೋಡಿದ್ದು ಅವರೊಬ್ಬರೇ. ನಾನು ಅವರ ಕೈ ಹಿಡಿದುಕೊಂಡೆ.

ಲೀಲಕ್ಕ ಶಿಕ್ಷೆಯನ್ನು ಪೂರ್ತಿ ಮನ್ನಾ ಮಾಡಲಿಲ್ಲ. ಕಟ್ಟುವ ಮನೆಗೆ ದೃಷ್ಟಿ ತಾಗಬಾರದೆಂದು ಎದುರಿಗೆ ರಾಕ್ಷಸನ ಮುಖದ ಗೊಂಬೆ ತೂಗುಹಾಕುತ್ತಾರಲ್ಲ, ಅದಕ್ಕೆ ಪೇಟೆಯ ಗೊಂಬೆ ಬೇಡವೆಂದರು. "ನನ್ನನ್ನು ಅಷ್ಟು ಹೆದರಿಸಿದ ಮುಖ ಬೇರೆ ಎಲ್ಲಿ ಸಿಗ್ತದೆ? ಅದನ್ನೇ ಒಂದು ತಗಡಿನ ಮೇಲೆ ಬರೆದು ಕೊಡು." ಬರೆದುಕೊಟ್ಟೆ. ನಿಂಬೆಹಣ್ಣುಗಳನ್ನು ಈ ಸಲ ಅವರೇ ನಮ್ಮ ಗಿಡದಿಂದ ಒಂದೇ ಅಳತೆಯವು ಆರಿಸಿ, ತಂತಿಯಲ್ಲಿ ಪೋಣಿಸಿ ಕಟ್ಟಿದರು.

ಅದೀಗ ಪಂಚಾಂಗದ ಮೂಲೆಯ ಕಂಬದಲ್ಲಿದೆ. ದೃಷ್ಟಿಗೊಂಬೆಯನ್ನು ಎಲ್ಲರೂ ರಸ್ತೆಯ ಕಡೆಗೆ ಕಟ್ಟುತ್ತಾರೆ, ಲೀಲಕ್ಕ ನಮ್ಮ ಅಡುಗೆಮನೆಯ ಕಡೆಗೆ ತಿರುಗಿಸಿ ಕಟ್ಟಿದ್ದಾರೆ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, "ತೊಂದರೆ ಯಾವ ಕಡೆಯಿಂದ ಬರುವುದು ಅಂತ ಈಗ ನನಗೆ ಗೊತ್ತುಂಟು ಮಾರಾಯ್ತಿ" ಎಂದರು. ಬೆಳಿಗ್ಗೆ ಚಹಾಕ್ಕೆ ನೀರಿಡುವಾಗ ಎರಡು ಠಗಳೂ ಹುಬ್ಬೇರಿಸಿ ನನ್ನನ್ನೇ ನೋಡುತ್ತವೆ. ಮೇಷ್ಟ್ರು ಹೇಳಿದಂತೆ ನಾನು ಅವನ್ನು ಓದುವುದಿಲ್ಲ. ನೋಡುವುದೂ ಇಲ್ಲ. ಕಿಟಕಿಗೆ ಪರದೆ ಹೊಲಿಸಿ ಹಾಕಿದ್ದೇನೆ.